ರಾಗಿಯ ಹಾಗೆ ನಿಂತದ್ದು

ಮಂಜೋ ಟೀ ಅಂಗಡಿಯ ಹೊಗೆಯೋ, ಎರಡೂ ಕಲಸಿಕೊಂಡು ಕಿಟಕಿಯೊಳಗೆ ಬರುತ್ತಿದೆ, ಬಸ್ಸು ನಿಂತೇಹೋಗಿದೆಯೆಂದು ಪುಟ್ಟನಂಜಮ್ಮನಿಗೆ ಆಮೇಲೆ ತಿಳಿಯಿತು, ದಿಂಬಂ ಬಂತಾ, ಬಂತು, ಮಂಜು ಸರಿಯುವ ತನಕ ಘಾಟಿ ಇಳಿಯೋದಿಲ್ಲ, ಟೀ ಕುಡಿಯೋರು ಕುಡೀರಿ ಎಂದು ಕಂಡಕ್ಟರು ತಮಿಳಿನಲ್ಲಿ ಕೂಗುತ್ತಿದ್ದಾನೆ, ಗಂಡ ಬಿಳಿಗಿರಿ ಆಗಲೇ ಇಳಿದಿದ್ದಾನೆ, ಟೀ ಎಂದರೆ ಈ ಗಂಡಸಿನ ಕಾಲು ತಾನಾಗಿ ಓಡುತ್ತದೆ, ಕೂತಿರಮ್ಮಿ, ನಿಂಗೂ ತತ್ತೀನಿ, ಸಕ್ಕರೆ ಜಾಸ್ತಿ ಆಕುಸ್ತೀನಿ — ಅವನ ಬಿಳಿ ರುಮಾಲು ಮಂಜಿನೊಳಗೆ ಹೊಕ್ಕು ಕಾಣದಾಯಿತು. ಅವಳ ಬಲಗೈ ಸೆರಗಿನೊಳಗೆ ಹೋಯಿತು, ಬೇಡ ಎಂದರೂ ಹೋಯಿತು, ಎಡಗಡೆ ಕತ್ತಿನ ಬುಡದ ಗುಳಿಯ ಕಡೆಗೆ, ಇದೆ, ಬೆಳಗ್ಗೆ ಗೆಟ್ಟವಾಡಿಯ ಮನೆಯ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ಸಿಕ್ಕಿದ ಗಂಟು ಇಲ್ಲೂ ಇದೆ, ಇಷ್ಟು ದೂರ ಬಸ್ಸು ಕುಲುಕಿದರೂ ಎಲ್ಲೂ ಬಿದ್ದುಹೋಗಿಲ್ಲ, ಅವರೆಕಾಳಿನಷ್ಟು, ನೋವಿಲ್ಲ. ನೋವಿದ್ದಿದ್ದರೆ ಚೆನ್ನಾಗಿತ್ತು, ಒಮ್ಮೆ ನರಳಿಬಿಡಬಹುದಿತ್ತು, ಅವನಿಗೆ ಹೇಳುವ ಕಷ್ಟ ತಪ್ಪುತ್ತಿತ್ತು. ಅವನಿಗೆ ಗೊತ್ತಿಲ್ಲ. ಅವನ ಪಾಲಿಗೆ ಇವತ್ತು ಕೊಯಮತ್ತೂರಿನ ಡಾಕ್ಟರಮ್ಮ ಮುಟ್ಟಿ ನೋಡಿ, ಎಲ್ಲ ಸರಿಯಾಗಿದೆ, ಇನ್ನು ಬರಬೇಡಿ ಎನ್ನುವ ದಿನ, ವಾಪಸು ಬರುವಾಗ ಸತ್ಯಮಂಗಲದಲ್ಲಿ ಸೀರೆ ಕೊಡಿಸುತ್ತಾನಂತೆ, ಊರಿಗೆಲ್ಲ ಸಾರಿಬಿಟ್ಟಿದ್ದಾನೆ, ನಮ್ಮವಳು ಗೆದ್ಲು ಕಣ್ಲಾ ಅಂತ.

ಗೆದ್ದದ್ದು ಯಾರ ಮೇಲೆ — ಎದುರಿಗೆ ಇನ್ನೊಂದು ಬಸ್ಸು ನಿಂತಿದೆ, ಕೆಳಗಿನಿಂದ ಹತ್ತಿ ಬಂದದ್ದು, ಮೂತಿ ತಾಳವಾಡಿಯ ಕಡೆಗೆ, ಇಂಜಿನ್ನು ಗೊರಗುಟ್ಟುತ್ತಿದೆ, ಅದನ್ನು ಹತ್ತಿದರೆ ಮಧ್ಯಾಹ್ನದೊಳಗೆ ಮನೆ. ಘಾಟಿ ನೆನೆದರೇ ತಲೆ ಸುತ್ತುತ್ತದೆ, ಇವತ್ತು ಬೇಡ, ರಾಗಿ ಕೊಯ್ಲು ಮುಗಿಯಲಿ ಎಂದರೆ ಸಾಕು, ಬಿಳಿಗಿರಿ ನಂಬುತ್ತಾನೆ, ಅವಳು ಹೇಳಿದ್ದನ್ನೆಲ್ಲ ನಂಬಿಕೊಂಡೇ ಬಾಳಿದವನು. ಶ್ರಾವಣ, ರಾಗಿ ಮೊಣಕಾಲುದ್ದ ಎದ್ದಿದೆ, ಎರಡನೆಯ ಕಳೆ ಆಗಬೇಕು, ಅವಳಿಲ್ಲದೆ ಯಾರು ಕೀಳುತ್ತಾರೆ, ಆಳುಗಳಿಗೆ ರಾಗಿ ಯಾವುದು ಕಾಡುರಾಗಿ ಯಾವುದು ತಿಳಿಯುವುದಿಲ್ಲ, ಎಲೆ ಒಂದೇ, ಹಸಿರು ಒಂದೇ, ಗಾಳಿಗೆ ಬಳುಕುವುದೂ ಒಂದೇ, ತೆನೆ ಬಿಟ್ಟಾಗ ಅದರ ಬಂಡವಾಳ ಬಯಲಾಗುವುದು, ಅಷ್ಟರೊಳಗೆ ಕಾಳು ಉದುರಿಸಿ ಮುಂದಿನ ವರ್ಷಕ್ಕೆ ಜಾಗ ಹಿಡಿದಿರುತ್ತದೆ. ಬುಡ ನೋಡ್ಬೇಕು ಕಣಮ್ಮಿ, ಮಕ ನೋಡ್ಬ್ಯಾಡ, ಮಕ ಎಲ್ಲದ್ರುದೂ ಒಂದೇಯ — ಅತ್ತೆಯ ಮಾತು, ಗುಮಟಾಪುರದಿಂದ ಸೊಸೆಯಾಗಿ ಬಂದ ಮೊದಲ ಶ್ರಾವಣ, ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು ಅತ್ತೆ ಒಂದು ಪೈರನ್ನು ಎರಡು ಬೆರಳಲ್ಲಿ ಬಿಡಿಸಿ ತೋರಿಸುತ್ತಾಳೆ, ಅಷ್ಟು ಹಸಿರಿನೊಳಗೆ ಬೆಳ್ಳಗೆ, ಚಪ್ಪಟೆಯಾಗಿ, ಒಂದು ಬುಡ, ಮೇಲೊಂದು ಇಬ್ಬನಿ ಹನಿ, ನೋಡ್ದ್ಯಾ, ಇದು ನಮ್ದಲ್ಲ. ಹೆತ್ತ ಮಗ ಬಿಳಿಗಿರಿಗೆ ಮಾತ್ರ ಎಷ್ಟು ಹೇಳಿಕೊಟ್ಟರೂ ಆ ವಿದ್ಯೆ ಹತ್ತಲಿಲ್ಲ, ರಾಗಿಯನ್ನು ಕಿತ್ತು ಬದುವಿಗೆ ಎಸೆದು ಕಳೆಯನ್ನು ಜೋಪಾನವಾಗಿ ಉಳಿಸಿ ಬರುವವನು, ನೀನು ಒಲದ್ ಕಡೆ ತಲೆ ಆಕ್ಬ್ಯಾಡ ಮಾರಾಯ, ಎಮ್ಮೆ ಮೇಯ್ಸೋಗು ಎಂದು ಎಷ್ಟು ಸಲ ಬೈದಿದ್ದಾಳೋ, ಅವನು ಹಲ್ಲು ಬಿಟ್ಟು ನಗುತ್ತಾನೆ.

ಆ ನಗುವೂ ಒಂದಷ್ಟು ಕಾಲ ನಿಂತುಹೋಗಿತ್ತು. ಎಡದ ಮೊಲೆ ತೆಗೆದರು, ಆಮೇಲೆ ಸೂಜಿ, ಬಾಯಿ ತುಂಬ ಕಬ್ಬಿಣದ ರುಚಿ, ಮುದ್ದೆ ಕಂಡರೆ ಹೊಟ್ಟೆ ತೊಳೆಸುವುದು, ಬಾಚಣಿಗೆಗೆ ಬಂದ ಕೂದಲನ್ನು ಅವನು ನೋಡಬಾರದೆಂದು ಒಲೆಗೆ ಹಾಕಿದರೆ ಮನೆಯೆಲ್ಲ ಕಮಟು ವಾಸನೆ, ಅದೇನು ಸುಡ್ತಾ ಅದ ಎಂದು ಕೇಳಿದವನೇ ಅವಳ ತಲೆ ನೋಡಿ ಹಿತ್ತಿಲಿಗೆ ಎದ್ದುಹೋದ, ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತ, ಅವಳು ಕಂಡಳು, ಕಂಡೆ ಎನ್ನಲಿಲ್ಲ. ಕಂಕುಳಲ್ಲಿ ಉಳಿದಿದ್ದ ಗಂಟುಗಳು ಬೆಣ್ಣೆಯ ಹಾಗೆ ಕರಗಿದವು, ದೀಪಾವಳಿ ಕಳೆದ ಮೇಲೆ ತವರಿಗೂ ಹೋಗಿಬಂದರು, ಬೀರೇಶ್ವರನ ಗುಡಿಯ ಹತ್ತಿರ ಸೆಗಣಿ ಎರಚಾಡುವ ಹಬ್ಬದಲ್ಲಿ ಬಿಳಿಗಿರಿ ಕಿವಿಯೊಳಗೆಲ್ಲ ಸೆಗಣಿ ತುಂಬಿಕೊಂಡು ಮಗುವಿನಂತೆ ಕುಣಿದ, ಅವಳ ತಲೆಯಲ್ಲಿ ಹೊಸ ಕೂದಲು ಹತ್ತಿಯಷ್ಟು ಮೆತ್ತಗೆ ಎದ್ದಿತ್ತು. ಡಾಕ್ಟರಮ್ಮ ಮಾತ್ರ ಕುಣಿಯಲಿಲ್ಲ. ಎಲ್ಲ ಕರಗಿತಲ್ಲ ತಾಯಿ, ಇನ್ನೂ ಯಾಕೆ ಬರಬೇಕು ಎಂದು ಇವಳು ಕೇಳಿದ್ದಕ್ಕೆ, ಪಾರಮ್ಮಾ, ಅಂದರೆ ನೋಡಮ್ಮ, ಎಂದು ಮೆಲ್ಲಗೆ ತಮಿಳಿನಲ್ಲಿ ಶುರುಮಾಡಿದರು — ಮೊದಲು ಮೈಯಲ್ಲಿ ಒಂದೇ ಒಂದು ಜೀವಕಣ ಕೆಡುತ್ತೆ, ಅದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಪ್ರತಿಯೊಂದರ ಒಳಗೂ ನೀನು ಹೀಗಿರು ಎನ್ನುವ ಒಂದು ಬರಹ, ಒಡೆಯುವಾಗಲೆಲ್ಲ ಅದನ್ನು ನಕಲು ಮಾಡಿಕೊಳ್ಳಬೇಕು, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು, ತಪ್ಪು ಅದರ ಮಕ್ಕಳಿಗೂ ಹೋಗುತ್ತೆ, ಹೀಗೆ ಒಂದೇ ತಾಯಿಯಿಂದ ನಾನಾ ಬಗೆ, ಹೊರಗಿನಿಂದ ನೋಡುವವರಿಗೆ ಒಂದೇ ಗಂಟು. ಔಷಧಿ ಸಾಯುವಂಥವನ್ನೆಲ್ಲ ಸಾಯಿಸುತ್ತೆ. ಬಗ್ಗದಂಥದ್ದು ಒಂದು ಅವುಗಳ ನಡುವೆ ಮೊದಲೇ ಇದ್ದಿದ್ದರೆ ಅದು ಉಳಿಯುತ್ತೆ, ಸುತ್ತಲಿನ ಜಾಗ ಖಾಲಿ, ಅದರ ಸಂತಾನವೇ ತುಂಬಿಕೊಳ್ಳುತ್ತೆ, ಆಗ ಬರುವುದು ಹಳೆಯ ಗಂಟಲ್ಲಮ್ಮ, ಹಳೆಯ ಸೂಜಿಗೆ ಅದು ಸೊಪ್ಪು ಹಾಕುವುದಿಲ್ಲ. ಬಿಳಿಗಿರಿ ಪಕ್ಕದಲ್ಲಿ ಕೂತು ಜೋರಾಗಿ ತಲೆಯಾಡಿಸಿದ, ಏನೂ ಅರ್ಥವಾಗದಾಗ ಅವನು ಹಾಗೇ ತಲೆಯಾಡಿಸುವುದು. ಅವಳಿಗೆ ಅರ್ಥವಾಗಿತ್ತು, ಆಗದೆ ಇದ್ದಿದ್ದರೆ ಇವತ್ತು ಇಷ್ಟು ಭಯವಾಗುತ್ತಿರಲಿಲ್ಲ.

ಯಾಕೆಂದರೆ ಪಕ್ಕದ ಮಾದಯ್ಯನ ಹೊಲ. ಮಾದಯ್ಯ ಕಳೆ ಕೀಳುವ ಪೈಕಿಯಲ್ಲ, ಅವನ ಹೊಲದ ಕಾಡುರಾಗಿ ನೆಲಕ್ಕೆ ಮಲಗಿ ಕಾಲು ಚಾಚಿಕೊಂಡು ಕುರುಡನಿಗೂ ಕಾಣುವ ಹಾಗಿರುತ್ತದೆ, ಇವಳ ಹೊಲದ್ದು ಮಾತ್ರ ರಾಗಿಯ ಹಾಗೇ ನೆಟ್ಟಗೆ ನಿಲ್ಲುತ್ತದೆ, ಅದೇ ಮಣ್ಣು, ಅದೇ ಮಳೆ, ಯಾಕೆ ಹೀಗೆ ಎಂದು ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದಳು, ಆ ದಿನ ಡಾಕ್ಟರಮ್ಮನ ಬೆಂಚಿನ ಮೇಲೆ ಫಳ್ಳನೆ ಹೊಳೆಯಿತು, ತನ್ನ ಕೈಯೇ. ಬೇರೆಯಾಗಿ ಕಂಡದ್ದನ್ನೆಲ್ಲ ಶ್ರಾವಣದಿಂದ ಶ್ರಾವಣಕ್ಕೆ ಕಿತ್ತು ಎಸೆದಳಲ್ಲ, ಬೀಜಕ್ಕೆ ಉಳಿದದ್ದು ಯಾವುದು, ರಾಗಿಯ ಹಾಗೆ ಕಂಡದ್ದು, ಮರುವರ್ಷ ಅದರ ಮಕ್ಕಳಲ್ಲೂ ಹಾಗೆ ಕಂಡದ್ದೇ, ಅದಕ್ಕೇನು ಬುದ್ಧಿಯಾ, ಹಗೆಯಾ, ಉಳಿದದ್ದು ಉಳಿಯಿತು ಅಷ್ಟೆ, ಕೈ ಚುರುಕಾದಷ್ಟೂ ಕಳೆ ಚುರುಕಾಯಿತು. ಈ ಗಂಟೂ ಹಾಗೇ, ಆ ಸೂಜಿಗಳೆಲ್ಲ ಕಿತ್ತು ಕಿತ್ತು ಉಳಿಸಿ ಹೋದದ್ದು, ಬೇರೆ ಎಲ್ಲಿಂದಲೋ ಬಂದದ್ದೂ ಅಲ್ಲ, ತನ್ನದೇ ಮೈ, ತನ್ನದೇ ಮಾಂಸ, ತನ್ನ ಮುಖ ಹೊತ್ತುಕೊಂಡು ಸಾಲಿನಲ್ಲಿ ನಿಂತಿದೆ. ಅಯ್ಯೋ, ಊರಿಗೆಲ್ಲ ಕಳೆ ಆರಿಸಿಕೊಟ್ಟವಳು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ, ಕಿಟಕಿಯ ಸರಳು ಹಿಡಿದು ಅತ್ತಳು, ಮಂಜಿನಲ್ಲಿ ಯಾರಿಗೂ ಕಾಣಲಿಲ್ಲ.

ಹಾಗಂತ ಕೀಳದೆ ಬಿಡುವುದಾ, ಮಾದಯ್ಯನಿಗೆ ಎಷ್ಟು ರಾಗಿ ಸಿಕ್ಕಿತು, ಕೋಳಿಗೂ ಸಾಲಲಿಲ್ಲ — ಎಪ್ಪತ್ತೊಂಬತ್ತನೆಯ ಇಸವಿಯಲ್ಲೋ ಎಂಬತ್ತರಲ್ಲೋ, ಅತ್ತೆ ಇನ್ನೂ ಗಟ್ಟಿಯಾಗಿದ್ದಳು, ಸೊಂಟಕ್ಕೆ ಕೈ ಕೊಟ್ಟು ಬದುವಿನ ಮೇಲೆ ನಿಂತು, ಈ ಸಲ ರಾಗಿ ಬ್ಯಾಡ, ಉರುಳಿ ಎರಚ್ರಲಾ, ಬೆಳೆ ಬದ್ಲಾಯ್ಸುದ್ರ ಕಳ್ಳ ಎಲ್ಲಿ ಅಡಗ್ಕತ್ತಾನ ನೋಡವ ಎಂದಳು, ಮುದ್ದೆಗೇನು ಮಾಡೋದು ಎಂದು ಬಿಳಿಗಿರಿ ಗೊಣಗಿದ, ಹುರುಳಿಯ ಬಳ್ಳಿ ಹಬ್ಬಿತು, ಅದರ ನಡುವೆ ಕಾಡುರಾಗಿ ನಾಚಿಕೆಗೆಟ್ಟು ಎದ್ದು ನಿಂತಿತು, ಕೀಳುವುದು ಎಷ್ಟು ಸುಲಭ, ಬಿಳಿಗಿರಿಯೂ ಕಿತ್ತ, ಅವನೊಬ್ಬನೇ ಅರ್ಧ ಹೊಲ ಕಿತ್ತು ಬೀಗಿದ. ಪೂರ್ತಿ ಹೋಯಿತಾ, ಇಲ್ಲ, ಮಣ್ಣಿನಲ್ಲಿ ಕಾಳು ಇರುತ್ತದೆ, ಆದರೂ ಎರಡು ವರ್ಷ ರಾಗಿ ಉಸಿರಾಡಿತು. ಡಾಕ್ಟರಮ್ಮನೂ ಹೀಗೇ ಏನೋ ಅಂದಿದ್ದರಲ್ಲ, ಬಂದರೆ ಬೇರೆ ಔಷಧಿ, ಒಂದಲ್ಲ, ಬೇರೆ ಬೇರೆ ದಾರಿಯಿಂದ ಹೊಡೆಯುವ ಮೂರು ಒಟ್ಟಿಗೆ, ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಅಂತ, ವಾಸಿಯಾಗುತ್ತೆ ಅಂತ ನಾನು ಸುಳ್ಳು ಹೇಳೋದಿಲ್ಲಮ್ಮ, ಕಾಲ ಸಿಗುತ್ತೆ, ಆದರೆ ಚಿಕ್ಕದಾಗಿರುವಾಗಲೇ ಬಂದು ತೋರಿಸಬೇಕು, ಬೆಳೆದಷ್ಟೂ ಅದರೊಳಗೆ ಬಗೆಗಳು ಹೆಚ್ಚುತ್ತವೆ. ಕಾಲ. ಮತ್ತೆ ಕಬ್ಬಿಣದ ರುಚಿ, ಮತ್ತೆ ಒಲೆಯಲ್ಲಿ ಕೂದಲು, ಮತ್ತೆ ಎಮ್ಮೆಯ ಕೊರಳು — ಇಲ್ಲ, ಆಗುವುದಿಲ್ಲ, ಈ ಒಂದು ಬೆಳೆ ಸುಮ್ಮನೆ ನೋಡಿಬಿಡುತ್ತೇನೆ, ಹೊಲದಲ್ಲಿ ಕೂತು, ಬಿಸಿಲಿನಲ್ಲಿ, ಅವನ ಹಲ್ಲು ನೋಡಿಕೊಂಡು. ಎದುರಿನ ಬಸ್ಸು ಹಾರ್ನು ಹೊಡೆಯಿತು. ಅವಳು ಬಟ್ಟೆಯ ಚೀಲ ಎತ್ತಿಕೊಂಡು ಸೀಟಿನಿಂದ ಅರ್ಧ ಎದ್ದಳು.

ಇಡ್ಕೊ ಇಡ್ಕೊ, ಬಿಸಿ ಅದ — ಬಿಳಿಗಿರಿ ಮಂಜಿನಿಂದ ಹೊರಬಿದ್ದು ಬಸ್ಸು ಹತ್ತಿದ, ಒಂದೊಂದು ಕೈಯಲ್ಲಿ ಒಂದೊಂದು ಲೋಟ, ರುಮಾಲಿನ ಮೇಲೆಲ್ಲ ಹನಿ, ತನ್ನ ಲೋಟದ ಟೀ ಅರ್ಧ ಚೆಲ್ಲಿದೆ, ಅವಳದ್ದು ತುಂಬಿದೆ, ಯಾಕಮ್ಮಿ ಎದ್ದುಬುಟ್ಟೆ, ಮಕ ಸಪ್ಪಗದ, ಸೀರೆ ಯಾವ್ ಬಣ್ಣ ಬೇಕು ಏಳು, ಕೆಂಪಾ. ತಲೆ ಸುತ್ತುತ್ತಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ತುಂಬಿದ ಲೋಟ ನೋಡಿದಳು, ತೆಗೆದುಕೊಂಡು ಮತ್ತೆ ಕೂತಳು, ಅವನೂ ಪಕ್ಕದಲ್ಲಿ ಕೂತ, ಹೊರಬಂದದ್ದು ಬೇರೆ ಮಾತು, ನಿನ್ ಕೈ ತತ್ತಾ ಇಲ್ಲಿ. ಸೆರಗಿನೊಳಗೆ ಎಳೆದುಕೊಂಡಳು, ಲೋಟ ಹಿಡಿದು ಬಿಸಿಯಾಗಿದ್ದ ಬೆರಳುಗಳು, ಏನಮ್ಮಿ ಇದು, ಬಸ್ಸಲ್ಲಿ ಎಲ್ರೂ ನೋಡ್ತಾರ ಎಂದು ನಕ್ಕ, ಬೆರಳು ಗುಳಿಯ ಮೇಲೆ ಜಾರಿ ಮುಂದಕ್ಕೆ ಹೋಗಿಬಿಟ್ಟಿತು, ಹೋಗಲಿ, ಇವನಿಗೆ ಯಾವತ್ತು ಗೊತ್ತಾಗಿದೆ, ಇವನಿಗೆ ಗೊತ್ತಾಗುವುದಿಲ್ಲ — ಬೆರಳು ಹಿಂದಕ್ಕೆ ಬಂತು. ನಿಂತಿತು. ಎದುರಿನ ಬಸ್ಸು ಹೊರಟುಹೋಗುತ್ತಿದೆ, ಅದರ ಹಿಂದಿನ ಕೆಂಪು ದೀಪ ಮಂಜಿನಲ್ಲಿ ಕರಗುತ್ತಿದೆ, ಬಿಳಿಗಿರಿಯ ಹಲ್ಲು ಕಾಣುತ್ತಿಲ್ಲ. ಇದು, ಎಂದ. ಬೆರಳನ್ನು ಇನ್ನೊಮ್ಮೆ ಒತ್ತಿದ. ಇದು ನಮ್ದಲ್ಲ ಕಣಮ್ಮಿ. ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಗುರುತು ಹಿಡಿದಿದ್ದಾನೆ, ಶಹಬ್ಬಾಸ್ ಎನ್ನಬೇಕು, ಇಳಿಜಾರಿನ ಕಡೆ ಮಂಜು ಸರಿಯುತ್ತಿದೆ, ರೈಟ್ ಎಂದು ಕಂಡಕ್ಟರು ಕೂಗಿದ, ಬಸ್ಸು ಮೊದಲ ತಿರುವಿಗೆ ಬಾಗಿತು, ಟೀ ಚೆಲ್ಲಿ ತೊಡೆ ಸುಟ್ಟಿತು, ಅವನು ಬೆರಳು ತೆಗೆಯಲಿಲ್ಲ, ಬಿಡಬೇಡ, ಬಿಟ್ಟರೆ ಮತ್ತೆ ಸಾಲಿನಲ್ಲಿ ಕಲೆತುಹೋಗುತ್ತದೆ, ಅಷ್ಟು ಹಸಿರಿನೊಳಗೆ, ಬೆಳ್ಳಗೆ, ಚಪ್ಪಟೆಯಾಗಿ, ಮೇಲೊಂದು ಹನಿ, ಬುಡ, ಅವನ ಬೆರಳಿನ ಕೆಳಗೆ, ಬಿಳಿ ಬುಡ.