ಬರೀ ಕ್ಯಾನ್ವಾಸಿನ ಅಂಗಿ

ಅಕ್ಕನ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿರುವುದನ್ನು ಮೊದಲು ಕಂಡವನು ನಾನೇ. ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕಂಡವರ ಕಫ ನೋಡುತ್ತಾ ಕೂತಿದ್ದೇನೆ. ಆ ದಿನ ಡಬ್ಬಿಯ ಮೇಲೆ ಅವಳ ಹೆಸರಿತ್ತು.

ಔಷಧಿ ಶುರುವಾಗಿ ಆರು ದಿನವಾದರೂ ಜ್ವರ ಜಗ್ಗಲಿಲ್ಲ. ಅಕ್ಕ ದರ್ಜಿ. ಅವಳ ಭಾಷೆಯಲ್ಲೇ ಧೈರ್ಯ ಹೇಳಿದೆ: "ಬೂಷ್ಟಿಗೆ ಮೈಸುತ್ತ ಗೋಡೆ ಇರುತ್ತೆ ಅಕ್ಕ. ಸಕ್ಕರೆ ಕಣಗಳನ್ನ ಸರದ ಥರ ಪೋಣಿಸಿ ಕಟ್ಟಿದ್ದು. ಅದರಲ್ಲಿ ಗ್ಲುಕಾನ್ ಅನ್ನೋದು ಬಟ್ಟೆ. ಒಳಗಿನ ಕೈಟಿನ್, ಕಾಲರಿಗೆ ಹಾಕೋ ಕ್ಯಾನ್ವಾಸ್. ನಿನ್ನ ಔಷಧಿ ಬಟ್ಟೆ ನೇಯೋ ಮಗ್ಗಾನೇ ನಿಲ್ಲಿಸುತ್ತೆ."

"ಬಟ್ಟೆ ಸಿಗದಿದ್ರೆ ಬರೀ ಕ್ಯಾನ್ವಾಸಲ್ಲೇ ಅಂಗಿ ಹೊಲ್ಕೊಂಡ್ರೆ?" ಕೆಮ್ಮಿನ ನಡುವೆ ಕೇಳಿದಳು.

"ನೀನು ನಿನ್ನ ಹೊಲಿಗೆ ನೋಡ್ಕೋ," ಅಂತ ನಕ್ಕೆ.

"ಸರಿ ಬೂಷ್ಟಪ್ಪ." ಕೆಲಸಕ್ಕೆ ಸೇರಿದಾಗಿನಿಂದ ನನಗೆ ಅವಳಿಟ್ಟ ಹೆಸರು.

ಡಾಕ್ಟರ ಬೆನ್ನು ಬಿದ್ದೆ. ಡೋಸ್ ನಾಲ್ಕು ಪಟ್ಟು ಮಾಡಿ ಅಂತ ಗೋಗರೆದೆ. ನಿಮ್ಮದೇ ಲ್ಯಾಬಿನ ಫಲಿತಾಂಶ ಬರಲಿ, ಔಷಧಿಗೂ ಸಮಯ ಬೇಕು ಅಂದರು. ನನಗೆ ತಾಳ್ಮೆ ಎಲ್ಲಿತ್ತು? ಕಾಲಿಗೆ ಬೀಳುವುದೊಂದು ಬಾಕಿ. ಬುಧವಾರ ಒಪ್ಪಿ ಡೋಸ್ ಏರಿಸಿದರು.

ಶುಕ್ರವಾರ ಬೆಳಿಗ್ಗೆ, ಯಾವ ಡೋಸಿಗೆ ಬೂಷ್ಟು ಸಾಯುತ್ತೆ ಅಂತ ನೋಡಲು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಿದ್ದ ಟ್ಯೂಬುಗಳನ್ನು ಹೊರತೆಗೆದೆ. ಎಂಟರಲ್ಲೂ ಅಕ್ಕನ ಬೂಷ್ಟು; ಔಷಧಿ ಮಾತ್ರ ಒಂದಕ್ಕಿಂತ ಒಂದರಲ್ಲಿ ಜಾಸ್ತಿ. ಮೊದಲೆರಡರಲ್ಲಿ ಬೆಳೆದಿತ್ತು. ಮೂರರಿಂದ ಆರರವರೆಗೆ ತಿಳಿನೀರು. ಏಳು, ಎಂಟರಲ್ಲಿ ಮತ್ತೆ ಹತ್ತಿಯಂಥ ಬಿಳಿ. ಟ್ಯೂಬು ಅದಲುಬದಲಾಗಿರಲಿ ದೇವರೇ ಅಂದುಕೊಂಡೆ. ಆಗಿರಲಿಲ್ಲ, ನಂಬರು ನಾನೇ ಬರೆದಿದ್ದೆ. ಎಂಟನೆಯದಕ್ಕೆ ಕೈಟಿನ್ ತೋರಿಸುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಗೋಡೆ ದಪ್ಪಗೆ ಹೊಳೆಯುತ್ತಿತ್ತು. ಮಗ್ಗ ನಿಂತಿತ್ತು, ನಿಜ. ಬೂಷ್ಟು ಬರೀ ಕ್ಯಾನ್ವಾಸು ಸುತ್ತಿಕೊಂಡು ಬದುಕಿತ್ತು.

ಬುಧವಾರದವರೆಗೆ ಅಕ್ಕನ ಮೈಯೊಳಗಿದ್ದದ್ದು ಆರನೆಯ ಟ್ಯೂಬಿನಷ್ಟು ಔಷಧಿ. ಈಗ ಹರಿಯುತ್ತಿದ್ದದ್ದು ಎಂಟನೆಯದರಷ್ಟು.

ಮೆಟ್ಟಿಲು ಹತ್ತಿ ಓಡಿದೆ. ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. "ಹಳೇ ಡೋಸೇ ಕೆಲಸ ಮಾಡ್ತಿತ್ತು ಅನ್ಸುತ್ತೆ," ಅಂದರು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. ಡೋಸ್ ಇಳಿಸಿದರು, ಇನ್ನೊಂದು ಔಷಧಿ ಸೇರಿಸಿದರು. ಎರಡು ದಿನವನ್ನು ಮಾತ್ರ ಯಾರೂ ವಾಪಸ್ ಕೊಡುವಂತಿರಲಿಲ್ಲ.

ಅಕ್ಕನಿಗೆ ಬೆಳಗಿನ ಜಾವವೇ ಪ್ರಜ್ಞೆ ತಪ್ಪಿತ್ತು, ಬಾಯಲ್ಲಿ ಉಸಿರಿನ ನಳಿಕೆ. ಕಿವಿಯ ಹತ್ತಿರ ಬಗ್ಗಿದೆ.

"ನೀನು ಹೇಳಿದ್ದೇ ಸರಿ ಅಕ್ಕ. ಕ್ಯಾನ್ವಾಸಲ್ಲೇ ಹೊಲ್ಕೊಂಡಿದೆ."

ಬೂಷ್ಟಪ್ಪ ಅನ್ನಲಿ ಅಂತ ಕಾದೆ. ಕೈಯಲ್ಲಿದ್ದ ಎಂಟನೆಯ ಟ್ಯೂಬನ್ನು ಲ್ಯಾಬಿನಲ್ಲೇ ಬಿಟ್ಟುಬರಲು ಮರೆತಿದ್ದೆ. ಅದು ಬೆಚ್ಚಗಿತ್ತು.