ಹೆಸರಿಗಾಗಿ ಹೋದ ಸ್ಟೇಷನ್

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರೈಲುದಾರಿಯಲ್ಲಿ, ಕೆಂಚನಪಲ್ಲಿಗೂ ಹೊಂಗೆಹಳ್ಳಿಗೂ ನಡುವೆ ಹಿಂದೆ ಒಂದು ಸ್ಟೇಷನ್ ಇತ್ತು. ಹೆಂಚಿನ ಎರಡು ಕೋಣೆ, ಹೊರಗೆ ಕಲ್ಲುಬೆಂಚು, ಅಷ್ಟೆ. ಚಿಕ್ಕ ಹಳಿಯ ರೈಲು ಓಡುತ್ತಿದ್ದ ಕಾಲದಲ್ಲಿ ಎರಡೂ ಊರಿನವರು ರೇಷ್ಮೆಗೂಡಿನ ಚೀಲ ಹೊತ್ತು ಅಲ್ಲೇ ಹತ್ತುತ್ತಿದ್ದರು. ಬೋರ್ಡಿನ ಮೇಲೆ ಮಾತ್ರ ಕೆಂಚನಪಲ್ಲಿ ಎಂದಿತ್ತು.

ಅಗಲ ಹಳಿ ಹಾಕುವ ಮಾತು ಬಂದಾಗ ಹೊಂಗೆಹಳ್ಳಿಯ ರಾಮಾಂಜಿನಪ್ಪ ತಕರಾರು ತೆಗೆದ. ಸ್ಟೇಷನ್ನಿಗೆ ಜಾಗ ಬಿಟ್ಟುಕೊಟ್ಟವನು ಅವನ ತಾತ. "ನೆಲ ನಮ್ದು, ಹೆಸರು ನಿಮ್ದಾ?" ಎಂದು ಕೆಂಚನಪಲ್ಲಿಯ ಪಾಪಯ್ಯನನ್ನು ಕೇಳಿದ. ಪಾಪಯ್ಯ ಅವನ ಬೀಗ. ಪಾಪಯ್ಯನ ಮಗಳು ಕವಿತ ರಾಮಾಂಜಿನಪ್ಪನ ಹಿರಿಸೊಸೆ.

ಅಳತೆಗೆ ಬಂದ ಅಧಿಕಾರಿ ಇಬ್ಬರನ್ನೂ ಎದುರು ಕೂರಿಸಿಕೊಂಡು, "ಇಬ್ರೂ ಒಪ್ಪಿ ಒಂದು ಹೆಸರು ಹೇಳಿ, ಸ್ಟೇಷನ್ ಉಳಿಯೋ ಹಾಗೆ ನೋಡೋಣ" ಎಂದರು.

"ಹೆಸರು ಹೋದ್ರೆ ಊರೇ ಹೋದಂಗೆ ಸಾರ್," ಎಂದ ಪಾಪಯ್ಯ.

"ಹಂಗಾದ್ರೆ ಸ್ಟೇಷನ್ನೇ ಬ್ಯಾಡ ಬಿಡಿ!" ರಾಮಾಂಜಿನಪ್ಪ ಟವೆಲ್ ಕೊಡವಿ ಎದ್ದುಹೋದ.

ಆಮೇಲೆ ಎರಡೂ ಊರಿನವರು ಒಬ್ಬರ ಮೇಲೊಬ್ಬರು ತಕರಾರು ಅರ್ಜಿ ಹಾಕಿದರು. ಕೊನೆಗೆ ಹೊಸ ಹಳಿ ಬಂತು, ಸ್ಟೇಷನ್ ಬರಲಿಲ್ಲ. ಹಳೆಯ ಕಟ್ಟಡವನ್ನು ಜೆಸಿಬಿ ಒಂದೇ ಬೆಳಿಗ್ಗೆಯಲ್ಲಿ ಕೆಡವಿತು. ಕವಿತ ಆಗ ತುಂಬು ಬಸುರಿ. ಚೊಚ್ಚಲ ಬಾಣಂತನಕ್ಕೂ ರಾಮಾಂಜಿನಪ್ಪ ಅವಳನ್ನು ತವರಿಗೆ ಕಳಿಸಲಿಲ್ಲ. ಮಗುವಿನ ನಾಮಕರಣಕ್ಕೆ ಪಾಪಯ್ಯ ಬರಲಿಲ್ಲ.

ಹೀಗೇ ವರ್ಷಗಳು ಹೋದವು. ಹೋದ ವರ್ಷ ಪಾಪಯ್ಯನ ಕಿಡ್ನಿ ಕೆಟ್ಟಿತು. ಡಯಾಲಿಸಿಸ್ಸಿಗೆ ಮತ್ತೆ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ಬಸ್ಸಿಗೆ ಕ್ರಾಸಿನವರೆಗೂ ನಡೆಯಬೇಕು. ಒಂದು ದಿನ ರಾಮಾಂಜಿನಪ್ಪ ರೈಲ್ವೆ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ. ಆಚೆ ಬದಿಯಲ್ಲಿ ಪಾಪಯ್ಯ ಮೈಲಿಗಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಅವರಿಬ್ಬರ ನಡುವೆ ರೈಲು ಹಾದುಹೋಯಿತು. ಬೋಗಿಗಳಲ್ಲಿ ಜನವೇ ಇರಲಿಲ್ಲ.

ಗೇಟು ತೆರೆದಾಗ ರಾಮಾಂಜಿನಪ್ಪ ಹತ್ತಿರ ಹೋಗಿ, "ಹತ್ತಿ ಬೀಗರೇ," ಎಂದ. ಪಾಪಯ್ಯ ಮೆಲ್ಲಗೆ ಎದ್ದು ಬಂದ. ಅವನ ಹೆಗಲ ಮೇಲೆ ಕೈಯೂರಿ ಹತ್ತಿದ.

ಮುಂದಿನ ವಾರ ಇಬ್ಬರೂ ಚಿಕ್ಕಬಳ್ಳಾಪುರದ ಸ್ಟೇಷನ್ ಮಾಸ್ಟರ್ ಎದುರು ನಿಂತರು.

"ಈಗ ಜಗಳ ಇಲ್ಲ ಸಾರ್. ಸ್ಟೇಷನ್ ಮತ್ತೆ ಕಟ್ಸಿ, ಇವ್ರೂರ ಹೆಸರೇ ಇಡಿ," ಎಂದ ರಾಮಾಂಜಿನಪ್ಪ.

"ಹೆಸರೇ ಬ್ಯಾಡ ಸಾರ್. ರೈಲು ಒಂದು ಗಳಿಗೆ ನಿಲ್ಸಿದ್ರೆ ಸಾಕು," ಎಂದ ಪಾಪಯ್ಯ.

ಮಾಸ್ಟರ್ ಇಬ್ಬರಿಗೂ ಕುರ್ಚಿ ಹಾಕಿಸಿದರು. "ಇದು ನನ್ನ ಕೈಲಿಲ್ಲ ಯಜಮಾನ್ರೇ. ಇದ್ದಿದ್ದನ್ನ ಉಳಿಸ್ಕೋಬಹುದಿತ್ತು, ಈಗ ಹೊಸದಾಗಿ ಕೇಳ್ಬೇಕು. ಮೇಲಿನವ್ರಿಗೆ ಬರೀರಿ. ಸುಮ್ನೆ ಆಸೆ ಹುಟ್ಸೋಕೆ ನಂಗಿಷ್ಟ ಇಲ್ಲ."

ಹೊರಗೆ ಬಂದ ಮೇಲೆ ರಾಮಾಂಜಿನಪ್ಪ ಎರಡು ಎಳನೀರು ಕೆತ್ತಿಸಿದ. ಪಾಪಯ್ಯ ಕೈ ಅಡ್ಡ ಹಿಡಿದ. "ನಾನು ಕುಡಿಯಂಗಿಲ್ಲ ಬೀಗರೇ, ಡಾಕ್ಟ್ರು ಬ್ಯಾಡ ಅಂದವ್ರೆ." ಅಷ್ಟೂ ತನಗೆ ಗೊತ್ತಿಲ್ಲವಲ್ಲ ಎಂದು ರಾಮಾಂಜಿನಪ್ಪನಿಗೆ ನಾಚಿಕೆಯಾಯಿತು. ತನ್ನದನ್ನೂ ಕುಡಿಯಲಾಗದೆ ಅಂಗಡಿಯವನಿಗೆ ಹಿಂದಿರುಗಿಸಿದ.

ಅಲ್ಲಿಂದ ಮುಂದೆ ಬೀಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಅವನದೇ ಆಯಿತು. ಕವಿತ ಇಬ್ಬರಿಗೂ ಒಂದೇ ಡಬ್ಬಿಯಲ್ಲಿ ಉಪ್ಪಿಲ್ಲದ ಅನ್ನ ಸಾರು ಕಟ್ಟುತ್ತಿದ್ದಳು. ಮಾಘಮಾಸದಲ್ಲಿ ಪಾಪಯ್ಯ ತೀರಿಕೊಂಡ.

ತಿಥಿಯ ದಿನ ಎರಡೂ ಊರಿನವರು ಒಟ್ಟಿಗೆ ಊಟಕ್ಕೆ ಕೂತರು. ರಾಮಾಂಜಿನಪ್ಪ ಮಾತ್ರ ಹಿತ್ತಲಲ್ಲಿ ನಿಂತಿದ್ದ. ಕವಿತ ಅವನನ್ನು ಹುಡುಕಿಕೊಂಡು ಬಂದಳು.

"ಅಪ್ಪ ಕೊನೇಕೊನೇಲಿ ದಿನಾ ನಿಮ್ಮನ್ನೇ ಕೇಳ್ತಿತ್ತು ಮಾವ. ಇಷ್ಟು ವರ್ಷ ಬಿಡದೆ ಇನ್ನೂ ಮೊದ್ಲೇ ಬರಬಾರ್ದಿತ್ತಾ ನೀವು?"

ರಾಮಾಂಜಿನಪ್ಪ ಸೊಸೆಯ ಹಿಂದೆಯೇ ಒಳಗೆ ಬಂದು, ಪಂಕ್ತಿಯ ಕೊನೆಯಲ್ಲಿ ಕೂತ.