ಎಷ್ಟಕ್ಕೆ ಎಷ್ಟು ಇಳಿತ

ಊರಿನ ಅರ್ಧ ಮನೆಗಳಿಗೆ ನೆಲ ಹಾಸಿದ ಮೇಸ್ತ್ರಿಯ ಸ್ವಂತ ಮನೆಯ ಬಚ್ಚಲಲ್ಲಿ ನೀರು ನಿಲ್ಲುತ್ತಿತ್ತು. ನೀರು ಹೋಗುವ ತೂತು ಆ ಮೂಲೆಯಲ್ಲಿದ್ದರೆ ನೀರು ಈ ಬಾಗಿಲ ಬಳಿ ಹಾಯಾಗಿ ಮಲಗಿರುತ್ತಿತ್ತು. ಹೆಂಡತಿ ಇಪ್ಪತ್ತು ವರ್ಷದಿಂದ ಅದನ್ನು ಪೊರಕೆಯಲ್ಲಿ ತಳ್ಳುತ್ತ, ಮನೆಗೆ ಬಂದವರೆದುರು ಗಂಡನ ಮಾನ ಕಳೆಯುತ್ತ ಬಂದಿದ್ದಳು. "ಊರಿಗೆಲ್ಲ ವಾಟ ಕೊಟ್ಟೋರು ನಮ್ಮನೆಗೆ ಕೊಡೋದು ಮರೆತುಬಿಟ್ರು." ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಸಣ್ಣ ಇಳಿಜಾರಿಗೆ ಗಾರೆಯವರು ವಾಟ ಎನ್ನುತ್ತಾರೆ. "ಮುಂದಿನ ತಿಂಗಳು ಕಿತ್ತು ಹಾಕ್ತೀನಿ ಕಣೆ" ಎಂದು ಮೇಸ್ತ್ರಿ ಪ್ರತಿ ತಿಂಗಳೂ ಹೇಳುತ್ತಿದ್ದ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಬಂದದ್ದು ಕೆಮ್ಮು. ಮೂವತ್ತು ವರ್ಷ ಕಲ್ಲು, ಟೈಲ್ಸ್ ಕೊಯ್ದ ದೂಳೆಲ್ಲ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಕೊಳವೆಯೊಂದಕ್ಕೆ ಊದಬೇಕು. ಎಷ್ಟು ಉಸಿರು ಹೊರಬಂತೆಂದು ಯಂತ್ರ ಹೇಳುತ್ತದೆ. ಮೊದಲ ಸಲ ಎರಡು ಲೀಟರು ನಾನೂರು ಮಿಲಿ. ಆಮೇಲೆ ಎರಡು ಇನ್ನೂರು. ಆಮೇಲೆ ಬರೀ ಎರಡು. ನಾಲ್ಕನೆಯ ಸಲ ಒಂದು ಎಂಟುನೂರು. ಒಂದು ಲೀಟರಿಗೆ ಇಳಿದರೆ ಹಾಸಿಗೆ, ಸಿಲಿಂಡರು, ಅದರಾಚೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಮಗಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು. ಹೊಸ ಮಾತ್ರೆಯೊಂದನ್ನೂ ಬರೆದುಕೊಟ್ಟರು. ಅದು ನಾಟಿದರೆ ಐದನೆಯ ಸಲ ಉಸಿರು ಇಳಿಯಬಾರದು. ಇಳಿದರೆ ನಿಲ್ಲಿಸುವುದೇ, ಬೇರೆ ಮದ್ದಿಲ್ಲ.

ಮಗಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಅಪ್ಪನ ಬಾಯಲ್ಲಿ 'ಟೀಚರಮ್ಮ'. ಮೊದಲ ದಿನದಿಂದಲೂ ಅವಳು ಒಂದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ನಾಲ್ಕು ಚುಕ್ಕೆಗಳೂ ಒಂದೇ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಮಕ್ಕಳ ಪುಸ್ತಕದಲ್ಲಿ ಹಾಗೆ ಕೂತಿದ್ದರೆ ಖುಷಿಯಿಂದ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದಳು. ಇಲ್ಲಿ ಚುಕ್ಕೆ ಇಟ್ಟ ಕೂಡಲೇ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದಳು. ಒಂದೇ ಒಂದು ಚುಕ್ಕೆ ತಪ್ಪಿ ಮೇಲೆ ಬೀಳಲಿ ಎಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಅಮ್ಮ ಪಾತ್ರೆ ಒರೆಸುತ್ತ ಆ ಹಾಳೆಯೆದುರು ನಿಲ್ಲುವಳು. "ಇದೇನೇ, ಜಾರುಬಂಡೆ ಥರ ಇಳೀತಿದೆ?" ದಿನಾ ಅದೇ ಮಾತು. ಕೇಳಿ ಕೇಳಿ ಸಾಕಾಗಿ ಮಗಳು ಒಂದು ಸಂಜೆ ಹೊಸ ಹಾಳೆ ತೆಗೆದುಕೊಂಡಳು. ಮೊದಲು ಅಡ್ಡಗೆರೆಯಲ್ಲಿ ಮೂರು ತಿಂಗಳಿಗೆ ಒಂದು ಚೌಕದ ಮನೆ ಕೊಟ್ಟಿದ್ದಳು, ಈಗ ಮೂರು ಮನೆ ಕೊಟ್ಟಳು. ಲೆಕ್ಕವೆಲ್ಲ ಅದೇ, ಗೆರೆ ಮಾತ್ರ ಕೈಕಾಲು ಚಾಚಿ ಮಲಗಿತು. ಇಂಥ ಕಿತಾಪತಿಗೆ ಅವಳೇ ಮಕ್ಕಳ ಕಿವಿ ಹಿಂಡಿದ್ದುಂಟು. ಹಾಳೆ ಹಿಗ್ಗಿಸಿದರೆ ಇಳಿಜಾರು ಬದಲಾಗುವುದಿಲ್ಲ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ಅವಳು.

"ಈಗ ಪರವಾಗಿಲ್ಲ ಅಲ್ವಾ?" ಎಂದಳು ಅಮ್ಮ.

"ಹೂಂ," ಎಂದಳು ಮಗಳು. ಅಮ್ಮ ಆ ವಾರವೆಲ್ಲ ಗುನುಗುತ್ತ ಓಡಾಡಿದಳು.

ಭಾನುವಾರ ಅಮ್ಮ ಅಂಗಡಿಗೆ ಹೋದ ಹೊತ್ತಿಗೆ ಮೇಸ್ತ್ರಿ ಆ ಹಾಳೆಯೆದುರು ಬಂದು ನಿಂತ. ಹತ್ತು ಹೆಜ್ಜೆ ನಡೆದದ್ದಕ್ಕೆ ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಇದನ್ನ ಓದೋದು ಹೇಗೆ ಹೇಳ್ಕೊಡು, ಟೀಚರಮ್ಮ."

"ನಿನಗ್ಯಾಕಪ್ಪ ಅದೆಲ್ಲ?"

"ನನ್ನ ಉಸಿರು ತಾನೇ? ಪಕ್ಕದ ಮನೆಯವರದಲ್ವಲ್ಲ."

ವಿಧಿಯಿಲ್ಲದೆ ಹೇಳಿದಳು. "ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಉಸಿರು. ಯಾವುದಾದ್ರೂ ಎರಡು ಚುಕ್ಕೆ ತಗೋ. ಎಷ್ಟು ಇಳೀತು ನೋಡು, ಎಷ್ಟು ಮುಂದೆ ಹೋಯ್ತು ನೋಡು. ಇಳಿದಿದ್ದನ್ನ ಮುಂದೆ ಹೋಗಿದ್ದರಿಂದ ಭಾಗಿಸಿದ್ರೆ ಇಳಿಜಾರು."

"ವಾಟ ಅನ್ನು ಮತ್ತೆ. ಇಷ್ಟು ಅಡಿಗೆ ಇಷ್ಟು ಇಂಚು. ಇದನ್ನ ಕಲಿಯೋಕೆ ನೀನು ಅಷ್ಟೆಲ್ಲ ಓದ್ಬೇಕಾಗಿತ್ತಾ?"

ಮಗಳಿಗೆ ನಗು ಬಂತು. ತರಗತಿಯಲ್ಲಿ ವಾರಗಟ್ಟಲೆ ಬಾಯಿ ಬಡಿದುಕೊಂಡರೂ ಮಕ್ಕಳ ತಲೆಗೆ ಹತ್ತದ್ದು ಅಪ್ಪನಿಗೆ ಅರೆಗಳಿಗೆಯಲ್ಲಿ ಹತ್ತಿತ್ತು. ನಗು ಮುಗಿಯುವ ಮೊದಲೇ ಭಯವಾಯಿತು. ಅಪ್ಪ ಗೆರೆಯನ್ನು ನೋಡುತ್ತಿರಲಿಲ್ಲ, ಅಂಚಿನ ಅಂಕಿಗಳನ್ನು ನೋಡುತ್ತಿದ್ದ. ನೆಲದ ವಾಟ ಕಣ್ಣಿಗೆ ಕಾಣುವಂಥದ್ದಲ್ಲ; ಕಣ್ಣಳತೆಯಲ್ಲೇ ನೆಲ ಹಾಕುವವನನ್ನು ಅವನು ಮೇಸ್ತ್ರಿಯೆಂದೇ ಎಣಿಸುತ್ತಿರಲಿಲ್ಲ.

"ಮೂರು ತಿಂಗಳಿಗೆ ಇನ್ನೂರು," ಎಂದ. "ಹಳೇ ಹಾಳೇಲೂ ಅಷ್ಟೇ ಇದ್ದಿರಬೇಕು. ಇದು ಮಲಗಿರೋ ಹಾಗೆ ಕಾಣುತ್ತೆ, ಮಲಗಿಲ್ಲ. ನೀನು ನೆಲ ಅಗಲ ಮಾಡಿದ್ದೀಯ ಅಷ್ಟೆ."

"ಅಮ್ಮನಿಗೋಸ್ಕರ ಮಾಡ್ದೆ."

"ಅಮ್ಮನಿಗೋ, ನಿನಗೋ?"

ಅಪ್ಪ ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

"ಎಷ್ಟಕ್ಕೆ ಇಳಿದ್ರೆ ಮುಗೀತು ಅಂದ್ರು ಡಾಕ್ಟ್ರು?"

"ಹಾಗೆಲ್ಲ ಏನೂ..."

"ಹೇಳು."

"ಒಂದು ಲೀಟರು."

ಅವನು ಮೂಲೆಯ ಚೀಲದಿಂದ ನೆಲದ ಮಟ್ಟ ನೋಡುವ ಉದ್ದನೆಯ ರಸಮಟ್ಟ ತೆಗೆದ. ಎಂಟು ತಿಂಗಳಿಂದ ಮುಟ್ಟದ ಅದರ ಗಾಜಿನೊಳಗಿನ ಗುಳ್ಳೆ ಇನ್ನೂ ಸರಿಯಾಗಿ ನಡುವಿಗೇ ಬಂದು ನಿಲ್ಲುತ್ತಿತ್ತು. ಅದರ ಅಂಚನ್ನು ನಾಲ್ಕು ಚುಕ್ಕೆಗೂ ತಾಗಿಸಿ ಹಿಡಿದು ಪೆನ್ಸಿಲು ಎಳೆದ. ಮಗಳು ಅಗಲ ಮಾಡಿದ್ದರಿಂದ ಹಾಳೆ ಬೇಗ ಮುಗಿಯಿತು, ಗೆರೆ ಮುಗಿಯಲಿಲ್ಲ. ಪೆನ್ಸಿಲು ಬೀರುವಿನ ಬಾಗಿಲ ಮೇಲೆಯೇ ಮುಂದೆ ಹೋಗಿ ಒಂದು ಲೀಟರಿನ ಮಟ್ಟಕ್ಕೆ ನಿಂತಿತು.

"ಕೊನೇ ಚುಕ್ಕೆಯಿಂದ ಒಂದು ವರ್ಷ," ಎಂದ.

"ಮಾತ್ರೆ ಶುರುವಾಗಿದೆಯಲ್ಲಪ್ಪ. ಮುಂದಿನ ಚುಕ್ಕೆ ಮೇಲೆ ಬೀಳಬಹುದು."

"ಬೀಳ್ಲಿ. ನಾನೇನು ಬೇಡ ಅಂದ್ನಾ?" ಎನ್ನುತ್ತ ಐದನೆಯ ಚುಕ್ಕೆ ಬರಬೇಕಾದ ಜಾಗದಲ್ಲಿ, ಒಂದು ಆರುನೂರಕ್ಕೆ ಸರಿಯಾಗಿ, ಸಣ್ಣ ಗುರುತು ಹಾಕಿಟ್ಟ. ಅಂಗಡಿಯಿಂದ ಬಂದ ಅಮ್ಮ ಬೀರುವಿನ ಮೇಲಿನ ಗೆರೆಯನ್ನು ನೋಡಿದಳು. ಅವಳ ಗುನುಗು ನಿಂತುಹೋಯಿತು.

ಐದನೆಯ ಸಲ ಆಸ್ಪತ್ರೆಯಲ್ಲಿ ಕೊಳವೆ ಹಿಡಿದ ಹುಡುಗಿ "ಊದಿ, ಊದಿ, ಇನ್ನೂ ಊದಿ" ಎಂದು ಹುರಿದುಂಬಿಸಿದಳು. ಪಕ್ಕದಲ್ಲಿ ನಿಂತ ಮಗಳೂ ತನಗೆ ಗೊತ್ತಿಲ್ಲದೆಯೇ ಊದುತ್ತಿದ್ದಳು. ಅಪ್ಪನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಮೂರು ಸಲ ಊದಿದ ಮೇಲೆ ಯಂತ್ರ ಚೀಟಿ ಕೊಟ್ಟಿತು. ಒಂದು ಆರುನೂರು. ಡಾಕ್ಟರು ಚೀಟಿ ನೋಡಿ, ಕನ್ನಡಕ ತೆಗೆದಿಟ್ಟು, ಮಾತ್ರೆ ಇನ್ನು ಬೇಡ ಎಂದರು.

ಮನೆಗೆ ಬಂದವನೇ ಮೇಸ್ತ್ರಿ ತನ್ನ ಕೈಯಾರೆ ಚುಕ್ಕೆ ಇಟ್ಟ. ಶಾಯಿಯ ಕೆಳಗೆ ಪೆನ್ಸಿಲಿನ ಗುರುತು ಪೂರ್ತಿ ಮುಚ್ಚಿಹೋಯಿತು.

"ಕೂದಲೆಳೆಯಷ್ಟೂ ಆಚೀಚೆ ಇಲ್ಲ ನೋಡು," ಎಂದ. ಆ ದನಿಯಲ್ಲಿ ಕೆಲಸ ಗೊತ್ತಿದ್ದವನ ಮೆಚ್ಚುಗೆಯಿತ್ತು. ಅದನ್ನು ಕೇಳಿ ಮಗಳು ಗೋಡೆಗೆ ಮುಖ ಮಾಡಿ ಅತ್ತಳು.

ಅವನು ಹೆಂಡತಿಯ ಕಡೆ ತಿರುಗಿದ. "ಇನ್ನು ಒಂಬತ್ತು ತಿಂಗಳಿದೆ. ಯಾರನ್ನಾದ್ರೂ ಕರೆಸಿ ಬಚ್ಚಲು ಕೀಳಿಸೋಣ. ನಾನು ಕುರ್ಚಿ ಹಾಕ್ಕೊಂಡು ಕೂತು ಹೇಳ್ತೀನಿ, ಅವರು ಮಾಡ್ಲಿ. ಈ ಸಲ ವಾಟ ತಪ್ಪಲ್ಲ."

"ಬೇಡ."

"ಇಪ್ಪತ್ತು ವರ್ಷ ಬೈದ್ಯಲ್ಲೇ."

"ಬೈದಿದ್ದೀನಿ, ಇನ್ನೂ ಬೈತೀನಿ. ಆ ನೆಲ ಮುಟ್ಟಬೇಡಿ ನೀವು."

ಮುಖ ತೊಳೆಯಲು ಮಗಳು ಬಚ್ಚಲಿಗೆ ಹೋದಳು. ಬಾಗಿಲ ಬಳಿ ಬೆಳಗಿನ ನೀರು ಎಲ್ಲಿಗೂ ಇಳಿಯದೆ ಹಾಗೇ ನಿಂತಿತ್ತು. ಹಿಂದೆಯೇ ಅಮ್ಮ ಪೊರಕೆ ಹಿಡಿದು ಬಂದಳು. "ಇದೊಂದಾದ್ರೂ ಇಳೀದೆ ನಿಂತಿರ್ಲಿ" ಎಂದು, ನೀರು ತಳ್ಳದೆ, ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು.